ಮೆಣಸಿನಕಾಯಿ ಹುರಿದ ಮಂಗಳವಾರ

ಈ ಒಂದು ವರ್ಷದಲ್ಲಿ ನಿರಾಪದ ನನ್ನನ್ನು ನಗಿಸಲು ಹನ್ನೊಂದು ಸಲ ಪ್ರಯತ್ನಪಟ್ಟಿದ್ದಾನೆ. ನಾನು ಎಣಿಸಿದ್ದೇನೆ.

ಹನ್ನೊಂದನೆಯದು ಚೈತ್ರದ ಮೊದಲ ವಾರ. ಹೊಳೆ ಇಳಿಯುವ ಹೊತ್ತು. ನಾನು ಸೊಂಟದ ತನಕ ನೀರಲ್ಲಿ ನಿಂತು ಸೀಗಡಿ ಮರಿಯ ಬಲೆ ಎಳೆಯುತ್ತಿದ್ದೆ. ಅವನು ಎರಡು ಕೈಯಲ್ಲಿ ಎರಡು ಎಳನೀರು ಹಿಡಿದು, ದೊಡ್ಡ ಜಮೀನ್ದಾರನ ಗತ್ತಿನಲ್ಲಿ ಒಡ್ಡಿನಿಂದ ಕೆಸರಿಗೆ ಇಳಿದ. ಮೂರನೇ ಹೆಜ್ಜೆಗೆ ಜಾರಿದ. ಕೂತಲ್ಲಿಂದಲೇ ಸರ್ರೆಂದು ನನ್ನ ಬಲೆಯ ತನಕ ಬಂದ. ಎಳನೀರು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದೇ ಇದ್ದ.

"ಬೇಕಂತಲೇ ಬಿದ್ದಿದ್ದು" ಎಂದ.

"ಗೊತ್ತಾಗುತ್ತೆ."

"ಮತ್ತೆ ಒಂಚೂರು ನಗಬಾರ್ದಾ?"

"ಬಿದ್ದೋರನ್ನ ನೋಡಿ ನಗಬಾರ್ದು ಅಂತ ಬಾಬಾ ಹೇಳ್ಕೊಟ್ಟಿದಾನೆ."

"ನಿನ್ನ ಬಾಬಾನಾ? ನನ್ನ ಮುಖ ನೋಡಿದ್ರೇ ಸಾಕು, ನಗ್ತಿದ್ದ ಆ ಮನುಷ್ಯ."

ನನ್ನ ಅಪ್ಪನ ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಯಾಕೋ ಸಣ್ಣಗಾಯಿತು. ಕಣ್ಣು ನನ್ನ ಮುಖದವರೆಗೆ ಬಂತು, ಅಲ್ಲಿ ನಿಲ್ಲುವ ಧೈರ್ಯ ಸಾಲದೆ ನನ್ನ ಕೈಗೆ ಇಳಿಯಿತು, ಅಲ್ಲಿಂದ ಬಲೆಗೆ, ಬಲೆಯಿಂದ ನೀರಿಗೆ. ನಾನು ಅದನ್ನು ನಾಚಿಕೆ ಎಂದುಕೊಂಡೆ. ಮನಸ್ಸಿನಲ್ಲಿ ಒಬ್ಬನನ್ನು ಇಟ್ಟುಕೊಂಡ ಹುಡುಗಿಗೆ ಅವನು ಸೀನಿದರೂ ನಾಚಿಕೆಯಂತೆಯೇ ಕಾಣುತ್ತದೆ.

ನಿರಾಪದ ಎಂದರೆ ಆಪತ್ತಿಲ್ಲದವನು. ವರ್ಷಕ್ಕೊಮ್ಮೆ ಜೇನು ಕೀಳಲು ಸುಂದರಬನದ ಕಾಡಿಗೆ ಹೋಗುವವನಿಗೆ ಅವನ ಅಮ್ಮ ಇಟ್ಟ ಹೆಸರು ಅದು. ನಮ್ಮ ದ್ವೀಪದ ಅಮ್ಮಂದಿರೇ ಹೀಗೆ, ಹೆಸರಿನಿಂದಲೇ ಕಾಡನ್ನು ಹೆದರಿಸಲು ನೋಡುತ್ತಾರೆ. ಹೊಳೆಯಾಚೆ ಇರುವ ಪಟ್ಟೆಯವನ ಹೆಸರನ್ನಂತೂ ಯಾರೂ ಎತ್ತುವುದಿಲ್ಲ. ಮಾಮಾ ಎನ್ನುತ್ತೇವೆ, ಸೋದರಮಾವನ ಹಾಗೆ.

ನಾನು ಯಾಕೆ ನಗುವುದಿಲ್ಲ ಎಂದು ಊರಿಗೆಲ್ಲ ಗೊತ್ತು.

ಗಂಡಸರು ಜೇನಿಗೆ ಹೋದರೆ ಮನೆಯ ಹೆಂಗಸರು ಅವರು ಬರುವ ತನಕ ಅರ್ಧ ವಿಧವೆಯರ ಹಾಗೆ ಇರಬೇಕು. ತಲೆಗೆ ಎಣ್ಣೆ ಇಲ್ಲ, ಬಾಚಣಿಗೆ ಇಲ್ಲ. ಬಟ್ಟೆಗೆ ಸೋಪು ಹಾಕುವಂತಿಲ್ಲ. ಹಗಲು ಬಾಗಿಲು ಮುಚ್ಚುವಂತಿಲ್ಲ, ನಡುಮಧ್ಯಾಹ್ನ ಒಲೆ ಉರಿಯುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಒಣಮೆಣಸಿನಕಾಯಿ ಹುರಿಯುವಂತಿಲ್ಲ. ಇಲ್ಲಿ ಎದ್ದ ಘಾಟು ಅಲ್ಲಿ ಕಾಡಿನ ತಾಯಿ ಬನಬೀಬಿಯ ಕಣ್ಣಿಗೆ ಹೋಗುತ್ತದಂತೆ. ಅವಳು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮಾಮಾ ಬಂದುಬಿಡುತ್ತಾನಂತೆ.

ಹೋದ ವರ್ಷ ಬಾಬಾ ಕಾಡಿನಲ್ಲಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ, ನಾನು ಮೆಣಸಿನಕಾಯಿ ಹುರಿದೆ.

ದೊಡ್ಡ ಕಾರಣವೇನೂ ಇರಲಿಲ್ಲ. ಆಸೆಯಾಯಿತು. ರಾತ್ರಿ ನೀರು ಹಾಕಿಟ್ಟ ಅನ್ನ ಹದವಾಗಿ ಹುಳಿ ಬಂದಿತ್ತು. ಪಕ್ಕದಲ್ಲಿ ಹಸಿ ಈರುಳ್ಳಿ, ಸಾಸಿವೆ ಎಣ್ಣೆ. ಹುರಿದು ನುರಿದ ಮೆಣಸಿನಕಾಯಿ ಒಂದು ಇದ್ದುಬಿಟ್ಟರೆ ಸಾಕು ಎನ್ನಿಸಿತು. ಎರಡೇ ಎರಡು ಹುರಿದೆ. ತಿಂದು ಬಾಯಿ ಉರಿದು ನಾನು ಅಂಗಳದ ತುಂಬ ಕುಣಿದೆ, ಬಾಬಾನ ಅಕ್ಕ, ನನ್ನ ಮುದಿ ಅತ್ತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಿ ನಾನೂ ನಕ್ಕೆ. ಅಷ್ಟು ಚೆನ್ನಾಗಿ ನಾವು ಆಮೇಲೆ ಎಂದೂ ನಕ್ಕಿಲ್ಲ.

ಮೂರು ದಿನಕ್ಕೆ ದೋಣಿ ಬಂತು. ಹೋದವರೆಲ್ಲ ಬಂದಿದ್ದರೆ ಗಂಡಸರು ದೂರದಿಂದಲೇ ಕೂಗು ಹಾಕುತ್ತಾರೆ, ದಡದ ಹೆಂಗಸರು ಶಂಖ ಊದುತ್ತಾರೆ. ಆ ದೋಣಿ ಸದ್ದಿಲ್ಲದೆ ಬಂತು. ಪಕ್ಕದ ಮನೆಯ ಸುಧನ್ಯ ಕಾಕಾ ಬಾಬಾನ ಕೆಂಪು ಹೆಗಲವಸ್ತ್ರವನ್ನು ಮಡಚಿ ನನ್ನ ಕೈಗೆ ಕೊಟ್ಟ. "ಮಂಗಳವಾರ ಮಧ್ಯಾಹ್ನ" ಎಂದ. ತರಲು ಬೇರೆ ಏನೂ ಅವರಿಗೆ ಸಿಕ್ಕಿರಲಿಲ್ಲ.

ಕಾಕಾನ ಹೆಂಡತಿ ಬಾಸಂತಿ ಕಾಕಿಮಾ ನನ್ನನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮೆಲ್ಲಗೆ ಕೇಳಿದಳು: "ಮಂಗಳವಾರ ಮಧ್ಯಾಹ್ನ ನಿಮ್ಮನೆ ಕಡೆಯಿಂದ ಘಾಟು ಬಂತಲ್ಲೇ ಫುಲ್ಲರಾ? ನಂಗೆ ಸೀನೇ ಬಂತು."

ಅಷ್ಟೇ ಕೇಳಿದ್ದು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ, ನಾನು ಅದನ್ನು ಮರೆಯಲೂ ಇಲ್ಲ. ಅಂದಿನಿಂದ ನನ್ನ ಮಟ್ಟಿಗೆ ಗಂಡಸರು ವರ್ಷವಿಡೀ ಕಾಡಿನಲ್ಲೇ ಇದ್ದಾರೆ. ತಲೆಗೆ ಎಣ್ಣೆ ಇಲ್ಲ, ಮಧ್ಯಾಹ್ನ ಒಲೆ ಇಲ್ಲ, ಅನ್ನಕ್ಕೆ ಬರೀ ಉಪ್ಪು. ಬಾಬಾ ಹಾಗಲ್ಲ. ಗಂಜಿಯಾದರೂ ಸರಿ, ತಟ್ಟೆ ಮುಟ್ಟಿ "ಇವತ್ತೂ ಸಿಕ್ತು" ಎಂದು ನಕ್ಕು ಕೂರುತ್ತಿದ್ದ. ಆ ಮನುಷ್ಯನ ಮಗಳು ನಾನು, ಏನಾದರೂ ಒಂದು ಚೆನ್ನಾಗಿದೆ ಎನ್ನಿಸಿದ ಕೂಡಲೇ ಹೆದರಿ ಹೊಳೆಯ ಕಡೆ ನೋಡುತ್ತಿದ್ದೆ. ಬೆಳಗಿನ ಗಾಳಿ ಬೆನ್ನಿಗೆ ತಂಪಾಗಿ ತಾಗಿದರೂ ಸಾಕು, ಎದೆ ಡವಗುಟ್ಟುತ್ತಿತ್ತು.

ಇಂಥವಳ ಮನೆಗೆ ನಿರಾಪದ ದಿನವೂ ಬರುತ್ತಿದ್ದ. ಒಂದು ದಿನ ಮೀನು, ಒಂದು ದಿನ ಮಾಡಿಗೆ ಹುಲ್ಲು, ಏನೂ ಇಲ್ಲದ ದಿನ ಬರಿಗೈ. ಹೊಸ್ತಿಲಿಗೆ ನಾಲ್ಕು ಹೆಜ್ಜೆ ದೂರ ನಿಂತು ಕೇಳುತ್ತಿದ್ದ:

"ಇವತ್ತು ಏನ್ ತಿಂದೆ?"

"ಅನ್ನ."

"ನಿನ್ನೆ?"

"ನಿನ್ನೇದೂ ಅನ್ನವೇ. ನಿಂಗೆ ಇದನ್ನ ಕೇಳೋಕೆ ದಿನಾ ಬರ್ಬೇಕಾ?"

"ನಾಳೆ ಬೇರೆ ಏನಾದ್ರೂ ತಿನ್ನು. ನಾನೂ ಬೇರೆ ಏನಾದ್ರೂ ಕೇಳ್ತೀನಿ."

ಹೋಗುವಾಗ ಒಡ್ಡಿನ ತಿರುವಿನಲ್ಲಿ ಒಮ್ಮೆ ತಿರುಗುತ್ತಿದ್ದ. ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ನೋಡಲು. ನಾನು ನೋಡುತ್ತಿರಲಿಲ್ಲ. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದರೂ, "ತಿರುಗಿದ್ನಾ?" ಎಂದು ಕೇಳುತ್ತಿದ್ದಳು. ನನಗೆ ಹೇಗೆ ಗೊತ್ತು ಎಂದು ರೇಗುತ್ತಿದ್ದೆ. ಗೊತ್ತಿತ್ತು.

ಚೈತ್ರದ ಎರಡನೇ ವಾರ ಅರಣ್ಯ ಕಚೇರಿಯಿಂದ ಜೇನಿನ ಪಾಸ್ ಬಂತು. ಏಳು ಜನ, ಒಂದು ದೋಣಿ, ಎರಡು ವಾರ. ಸುಧನ್ಯ ಕಾಕಾ ಮುಖ್ಯಸ್ಥ. ಪಟ್ಟಿಯಲ್ಲಿ ನಿರಾಪದನ ಹೆಸರಿತ್ತು.

ಹೊರಡುವ ಹಿಂದಿನ ದಿನ ಸಂಜೆಗೆ ಮುಂಚೆ ಅವನು ನನ್ನನ್ನು ಒಡ್ಡಿನ ಮೇಲಕ್ಕೆ ಕರೆದ. ನಾನು ಮುಖ ತೊಳೆದುಕೊಂಡು ಹೋದೆ. ಒಂದು ವರ್ಷದಿಂದ ಕನ್ನಡಿ ನೋಡದವಳು ಬೋಗುಣಿಯ ನೀರಿನಲ್ಲಿ ಒಮ್ಮೆ ನೋಡಿಕೊಂಡೂ ಹೋದೆ. ಅವನು ಏನು ಹೇಳುತ್ತಾನೆ ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

"ಹೇಳಿದ್ ಮೇಲೆ ಬೈಬಾರ್ದು" ಎಂದ.

"ಬೈಯೋ ಅಂಥದ್ದಾದ್ರೆ ಬೈತೀನಿ."

ಅವನು ನಗಲಿಲ್ಲ. "ಆವತ್ತು ಕಾವಲು ನಂದು" ಎಂದ.

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಆ ಮಂಗಳವಾರ.

"ಸುಧನ್ಯ ಕಾಕಾ ಮರದ ಮೇಲೆ ಜೇನುಹುಟ್ಟಿ ಕೊಯ್ತಿದ್ದ. ನಿನ್ನ ಬಾಬಾ ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ. ಊದೋ ಕೊಂಬು ಹಿಡ್ಕೊಂಡು ಎಲ್ಲರ ಬೆನ್ನ ಹಿಂದೆ ನೋಡ್ತಾ ನಿಲ್ಲೋದು ನನ್ನ ಕೆಲಸ. ಅದೊಂದೇ ಕೆಲಸ. ಬಾಬಾ ಬಿಸಿಲು ನೋಡಿ ಅಂದ, 'ಮಧ್ಯಾಹ್ನ ಆಯ್ತು. ಈಗ ಅಲ್ಲಿ ನನ್ನ ಮಗಳು ಕದ್ದು ಮೆಣಸಿನಕಾಯಿ ಹುರೀತಿರ್ತಾಳೆ ನೋಡು. ವಾರಗಟ್ಟಲೆ ಬಾಯಿ ಕಟ್ಟೋ ಹುಡುಗಿ ಅಲ್ಲ ಅದು. ಹುರ್ಕೊಳ್ಳಲಿ ಬಿಡು, ಆ ಘಾಟಿಗೆ ಮಾಮಾನೇ ಸೀನಿ ಓಡಿಹೋಗ್ತಾನೆ.' ಹಂಗಂದು ನಕ್ಕ. ಎಲ್ಲರೂ ನಕ್ವಿ. ನಾನು ತಿರುಗಿ ಅವನ ಮುಖ ನೋಡಿ ನಕ್ಕೆ. ಅಷ್ಟೇ ಹೊತ್ತು ಫುಲ್ಲರಾ. ಮತ್ತೆ ಆ ಕಡೆ ತಿರುಗೋಷ್ಟರಲ್ಲಿ..."

ಮುಂದಿನದು ನನಗೆ ಬೇಕಿರಲಿಲ್ಲ. ಬಾಬಾ ನಕ್ಕ ಎನ್ನುವುದೇ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಅವನಿಗೆ ಗೊತ್ತಿತ್ತು. ನಾನು ಬಾಣಲೆ ಇಟ್ಟ ಅದೇ ಹೊತ್ತಿಗೆ, ಅಷ್ಟು ದೂರದ ಕಾಡಿನಲ್ಲಿ ನಿಂತು, ಅವನಿಗೆ ಗೊತ್ತಿತ್ತು. ಅದಕ್ಕೆ ಅವನು ಕೋಪ ಮಾಡಿಕೊಳ್ಳಲಿಲ್ಲ, ಹೆದರಲೂ ಇಲ್ಲ.

ಆದರೆ ಆ ಕ್ಷಣ ನನ್ನ ಬಾಯಿಗೆ ಬಂದದ್ದು ಬೇರೆ. "ಒಂದು ವರ್ಷ!" ಎಂದೆ. "ಒಂದು ವರ್ಷ ನಾನೇ ಕೊಂದೆ ಅಂದ್ಕೊಂಡಿದ್ದೆ, ನೀನು ನೋಡ್ತಾ ನಿಂತಿದ್ದೆ! ಆ ಎಳನೀರು, ಆ ಮೀನು, ಕೆಸರಲ್ಲಿ ಬೀಳೋದು, ಎಲ್ಲಾ ಪಾಪ ತೊಳ್ಕೊಳ್ಳೋಕೆ ಮಾಡಿದ್ದಾ?"

"ಮೊದಲ್ನೇ ದಿನ ಅದಕ್ಕೇ ಬಂದೆ" ಎಂದ. "ಎರಡನೇ ದಿನದಿಂದ ನಿಂಗೋಸ್ಕರ ಬಂದೆ. ಹೇಳ್ಬಿಟ್ರೆ ಮೂರನೇ ದಿನ ಬರೋಕೆ ಬಿಡಲ್ಲ ಅಂತ ಹೇಳ್ಲಿಲ್ಲ."

ಬೇರೆ ಯಾವ ದಿನವಾದರೂ ಆ ಒಂದು ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ತಿಂಗಳು ಕಳೆಯುತ್ತಿದ್ದೆ. ಅಂದು ಅದೂ ಬೆಂಕಿಯಂತೆ ಮುಟ್ಟಿತು.

"ಹೋಗು ಇಲ್ಲಿಂದ."

"ಹೋಗ್ತೀನಿ. ನಾನು ಅಲ್ಲಿರುವಾಗ ನೀನು ಈ ನೇಮ ಗೀಮ ಹಿಡೀಬೇಡ. ಎಣ್ಣೆ ಹಚ್ಕೋ. ಬಾಯಿಗೆ ರುಚಿಯಾಗಿ ಏನಾದ್ರೂ ತಿನ್ನು. ಆಮೇಲೆ ನಂಗೇನಾದ್ರೂ ಆದ್ರೆ ಅದಕ್ಕೆ ನೀನು ಕಾರಣ ಅಂತ..."

"ನಿಂಗೋಸ್ಕರ ನೇಮ ಹಿಡಿಯೋಕೆ ನೀನ್ಯಾರು ನಂಗೆ?"

ಅವನು ಹೋದ. ತಿರುವಿನಲ್ಲಿ ತಿರುಗಲಿಲ್ಲ. ಕಾಡಿಗೆ ಹೊರಟವರನ್ನು ಸಿಟ್ಟಿನಲ್ಲಿ ಕಳಿಸಬಾರದು ಎನ್ನುವುದೂ ನಮ್ಮ ನೇಮಗಳಲ್ಲಿ ಒಂದು. ಅದನ್ನೂ ನಾನೇ ಮುರಿದೆ.

ಬೆಳಿಗ್ಗೆ ಉಬ್ಬರ ಏರಿದ ಹೊತ್ತಿಗೆ ದೋಣಿ ಹೊರಟಿತು. ನಾನು ದಡಕ್ಕೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ಹುಟ್ಟಿನ ಸದ್ದು ಕೇಳಿಸದಾಗುವ ತನಕ ಕೇಳಿಸಿಕೊಂಡೆ.

ಆಮೇಲಿನ ದಿನಗಳಲ್ಲಿ ನನ್ನನ್ನು ನೋಡಿದವರಿಗೆ ಹೊಸದೇನೂ ಕಾಣುತ್ತಿರಲಿಲ್ಲ. ಕೆದರಿದ ತಲೆ, ತೆರೆದ ಬಾಗಿಲು, ತಣ್ಣಗಿನ ಒಲೆ. ವರ್ಷದಿಂದ ಹಾಗೇ ಇದ್ದೆನಲ್ಲ. ಈ ಸಲ ಯಾರಿಗೋಸ್ಕರ ಎನ್ನುವುದು ನನಗೊಬ್ಬಳಿಗೆ ಗೊತ್ತಿತ್ತು. ಬೇಡ ಎಂದು ಅವನೇ ಹೇಳಿದ್ದ. ಯಾರು ನೀನು ಎಂದು ನಾನೇ ಕೇಳಿದ್ದೆ. ಆದರೂ ಬಾಚಣಿಗೆ ಮುಟ್ಟಲು ಕೈ ಬರಲಿಲ್ಲ.

ಮೂರನೇ ದಿನ ಬಾಸಂತಿ ಕಾಕಿಮಾ ಬಂದು ಜಗಲಿಯ ಮೇಲೆ ಕೂತಳು. ಅವಳ ನೇಮ ಎಂದರೆ ನೇಮ. ನೆರೆಮನೆಗೆ ಚಿಟಿಕೆ ಉಪ್ಪು ಕೊಡುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಹಾಲು ಕುಡಿಯುವ ಕಳ್ಳ ಬೆಕ್ಕಿಗೂ ಪಿಸುಮಾತಿನಲ್ಲಿ ಬೈಯುತ್ತಿದ್ದಳು.

"ಮನೇಲಿ ಗಂಡಸಿಲ್ಲ, ಹಣೇಲಿ ಸಿಂಧೂರ ಇಲ್ಲ. ಯಾರಿಗೇ ಇಷ್ಟೊಂದು ನೇಮ?" ಎಂದಳು.

"ಅಭ್ಯಾಸ, ಕಾಕಿಮಾ."

"ಅಭ್ಯಾಸಕ್ಕೆ ಹೊಳೆ ಕಡೆ ಮುಖ ಮಾಡ್ಕೊಂಡು ಕೂರ್ಬೇಕಾ?"

ನನ್ನ ಕಿವಿ ಬಿಸಿಯಾಯಿತು. ಅವಳು ಮತ್ತೇನೂ ಕೇಳದೆ ನನ್ನ ಪಕ್ಕಕ್ಕೆ ಸರಿದು, ಹೊಳೆಯ ಕಡೆಗೇ ಮುಖ ಮಾಡಿ ಕೂತಳು. ಅಂದಿನಿಂದ ದಿನವೂ ಬಂದಳು. ಒಂದೇ ದೋಣಿ ನೋಡುವ ಇಬ್ಬರು ಹೆಂಗಸರಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ. ಆದರೆ ಅವಳ ಪಕ್ಕದಲ್ಲಿ ಕೂತಾಗಲೆಲ್ಲ ಆ ಘಾಟಿನ ಪ್ರಶ್ನೆ ನಮ್ಮಿಬ್ಬರ ನಡುವೆ ಮೂರನೆಯವಳಂತೆ ಕೂತಿರುತ್ತಿತ್ತು.

ಸಿಟ್ಟು ಒಂಬತ್ತು ದಿನ ಬಾಳಿತು. ಹತ್ತನೇ ದಿನ ತಂಗಳನ್ನದ ತಟ್ಟೆ ಮುಂದಿಟ್ಟುಕೊಂಡಿದ್ದೆ. ಹೊರಗೆ ಕಡುಬಿಸಿಲು, ತಟ್ಟೆಯ ನೀರು ಬೆರಳಿಗೆ ತಣ್ಣಗಿತ್ತು. ಬಾಬಾ ನಕ್ಕ ಮುಖ ಕಣ್ಣಿಗೆ ಬಂತು. ನಾನು ನೋಡಿರದ ಆ ಕೊನೆಯ ನಗು. ಅದನ್ನು ನಿರಾಪದ ನೋಡಿದ್ದ, ಒಂದು ವರ್ಷ ಒಬ್ಬನೇ ಹೊತ್ತು ತಿರುಗಿದ್ದ, ಕೊನೆಗೆ ನನಗೆ ತಂದುಕೊಟ್ಟಿದ್ದ. ಅವನು ತಂದ ಮೀನು, ಎಳನೀರು ಯಾವುದೂ ಅದರ ಸಮಕ್ಕೆ ಬರುವುದಿಲ್ಲ. ನಾನು ಅವನನ್ನು ಹೋಗು ಎಂದಿದ್ದೆ.

"ಇವತ್ತೂ ಸಿಕ್ತು" ಎಂದೆ, ಗಟ್ಟಿಯಾಗಿ. ಅನ್ನಕ್ಕೆ ರುಚಿ ಇತ್ತು. ಇಷ್ಟು ದಿನವೂ ಇದ್ದಿರಬೇಕು. ಬರೀ ಉಪ್ಪು, ಹುಳಿ, ತಂಪು. ಕಣ್ಣಲ್ಲಿ ನೀರು ಬಂತು, ಅಳುತ್ತಲೇ ಪೂರ್ತಿ ತಿಂದೆ. ತಿಂದು ಮುಗಿಸಿದ ಮೇಲೆ ಹಳೆಯ ಭಯ ಬಂತು. ಸಂತೋಷಪಟ್ಟೆನಲ್ಲ, ಇನ್ನು ಏನಾಗುತ್ತದೋ ಎಂದು.

ಹನ್ನೊಂದನೇ ದಿನ ಬೆಳಗಿನಿಂದಲೇ ಗಾಳಿ ನಿಂತುಹೋಗಿತ್ತು. ಪಶ್ಚಿಮದ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಊರ ನಾಯಿಗಳೆಲ್ಲ ಒಡ್ಡಿನ ಮೇಲೆ ಸಾಲಾಗಿ ನಿಂತು ಹೊಳೆ ನೋಡುತ್ತಿದ್ದವು, ಒಂದೂ ಬೊಗಳುತ್ತಿರಲಿಲ್ಲ. ಅರಣ್ಯ ಇಲಾಖೆಯ ಲಾಂಚ್ ಒಂದು ಕಾಡಿನ ಕಡೆಗೆ ಜೋರಾಗಿ ಹೋಯಿತು.

"ಸುಮ್ನೆ ಗಸ್ತಿಗೆ ಹೋಗಿರ್ಬೇಕು" ಎಂದಳು ಕಾಕಿಮಾ.

"ಹೂಂ, ಗಸ್ತಿಗೆ."

"ಮೊನ್ನೆಯೂ ಹೋಗಿತ್ತು, ಅಲ್ವಾ?"

ಮೊನ್ನೆ ಹೋಗಿರಲಿಲ್ಲ. "ಹೋಗಿತ್ತು" ಎಂದೆ.

ಮಧ್ಯಾಹ್ನ ದಾಟಿದ ಮೇಲೆ ಹೊಳೆಯ ತಿರುವಿನಲ್ಲಿ ದೋಣಿ ಕಾಣಿಸಿತು. ಇನ್ನೂ ಮೂರು ದಿನ ಇತ್ತು. ಜೇನು ತುಂಬಿದ ದೋಣಿ ನೀರಿಗೆ ತಗ್ಗಿ ಬರುತ್ತದೆ, ಇದು ಹಗುರವಾಗಿ ತೇಲುತ್ತಿತ್ತು. ಕೂಗಿಲ್ಲ. ಊದಲೆಂದು ಯಾರೋ ತಂದ ಶಂಖ ಕೈಯಲ್ಲೇ ಉಳಿಯಿತು. ನಾವಿಬ್ಬರೂ ಒಡ್ಡಿನ ಮೇಲಕ್ಕೆ ಹೇಗೆ ಓಡಿದೆವೋ ತಿಳಿಯದು. ನಿಂತಾಗ ಅವಳ ಕೈ ನನ್ನ ಕೈಯಲ್ಲಿತ್ತು.

ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಕಣ್ಣು ಮಂಜಾಯಿತು. ಮತ್ತೆ ಮೊದಲಿನಿಂದ ಎಣಿಸಿದೆ. ಆರು. ಎಂಥ ಪಾಪಿ ನಾನು! ದೇವರೇ, ಯಾರಾದರೂ ಆಗಲಿ, ಅವನಾಗದಿರಲಿ ಎಂದು ಬೇಡಿದೆ. ಹುಟ್ಟು ಹಾಕುತ್ತಿದ್ದವನು ತಲೆ ಎತ್ತಿದ. ನಿರಾಪದ.

ನನಗೆ ಮೊದಲು ಬಂದದ್ದು ಸಂತೋಷ. ಸುಳ್ಳು ಹೇಳುವುದಿಲ್ಲ. ಕಾಲಿನಿಂದ ನೆತ್ತಿಯ ತನಕ ಸಂತೋಷ. ಅದೇ ಹೊತ್ತಿಗೆ ನನ್ನ ಕೈಯಲ್ಲಿದ್ದ ಕಾಕಿಮಾಳ ಕೈ ಸಡಿಲವಾಯಿತು. ಅವಳೂ ಎಣಿಸುತ್ತಿದ್ದಳು.

ನಿರಾಪದ ದೋಣಿಯಿಂದ ಇಳಿದ. ಅವನ ಎರಡೂ ಕೈಯ ಮೇಲೆ ಮಡಚಿದ ಹೆಗಲವಸ್ತ್ರ ಇತ್ತು, ಹಸಿರು ಚೌಕಳಿಯದು. ಸುಧನ್ಯ ಕಾಕಾನದು. ಬೆಳಗಿನ ಜಾವ ಕಾಲುವೆಯ ಅಂಚಿನಲ್ಲಿ ಮುಖ ತೊಳೆಯಲು ಬಗ್ಗಿದ್ದನಂತೆ.

ಕಾಕಿಮಾ ಚೀರಲಿಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕೂತು ಹುಡುಕತೊಡಗಿದಳು.

"ಬುಧವಾರ ಬೆಕ್ಕಿಗೆ ಬೈದೆ. ಮೆಲ್ಲಗೇ ಬೈದಿದ್ದು, ಅಲ್ವೇನೇ? ನೀನು ಕೇಳಿಸ್ಕೊಂಡೆ ತಾನೇ?"

"ಮೆಲ್ಲಗೇ ಬೈದೆ, ಕಾಕಿಮಾ."

"ಶನಿವಾರ ಗಾಳಿಗೆ ಬಾಗಿಲು ಮುಚ್ಕೊಳ್ತು. ತಕ್ಷಣ ತೆಗೆದೆ. ತಕ್ಷಣ ಅಂದ್ರೆ... ಒಂದು ಚೂರು ತಡ ಆಯ್ತೋ ಏನೋ. ಅದೇ ಇರ್ಬೇಕು. ಅದೇ."

"ಅದಲ್ಲ."

"ಹಂಗಾದ್ರೆ ಯಾವ್ದು? ಏನೋ ಮಾಡಿದೀನಿ ನಾನು. ಇಲ್ದಿದ್ರೆ ಹೆಂಗೇ ಆಗುತ್ತೆ?"

ನಾನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ. "ನೀನೇನೂ ಮಾಡ್ಲಿಲ್ಲ. ಇಷ್ಟು ದಿನ ನಿನ್ನ ಪಕ್ಕದಲ್ಲೇ ಇದ್ದೆ, ನನ್ನ ಕಣ್ಣಾರೆ ನೋಡಿದೀನಿ. ನೀನೇನೂ ಮಾಡ್ಲಿಲ್ಲ, ಕಾಕಿಮಾ."

ಅವಳು ಮತ್ತೊಂದು ತಪ್ಪು ಹುಡುಕಿ ತಂದಳು. ನಾನು ಅದೇ ಮಾತು ಹೇಳಿದೆ. ಇನ್ನೊಂದು ತಂದಳು. ಮತ್ತೆ ಹೇಳಿದೆ. ಎಷ್ಟು ಸಲ ಹೇಳಿದೆನೋ. ಒಂದು ವರ್ಷದಿಂದ ಯಾರಾದರೂ ನನಗೆ ಹೇಳಲಿ ಎಂದು ಕಾದಿದ್ದ ಮಾತು ಅದು. ಅಂದು ನನ್ನ ಬಾಯಿಂದಲೇ ಅದನ್ನು ಕೇಳಿಸಿಕೊಂಡೆ. ಅವಳು ಅರ್ಧ ನಂಬಿದಳು, ನಾನು ಪೂರ್ತಿ ನಂಬಿದೆ.

ಕೊನೆಗೆ ಅವಳು ನನ್ನನ್ನೇ ನೋಡಿದಳು. "ಆವತ್ತು ನಿಂಗೆ ನಾನು ಆ ಘಾಟಿನ ಮಾತು..."

"ಬಿಡು, ಕಾಕಿಮಾ."

ಆಗ ಅವಳಿಗೆ ಅಳು ಬಂತು. ಅಕ್ಕಪಕ್ಕದ ಹೆಂಗಸರು ಬರುವ ತನಕ ಅವಳ ತಲೆ ನನ್ನ ಮಡಿಲಲ್ಲಿತ್ತು.

ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ನಿರಾಪದ ಒಡ್ಡಿನ ಮೇಲೆ ನಿಂತಿದ್ದ. ಗಡ್ಡ ಬೆಳೆದಿತ್ತು, ಜೇನುಹುಳ ಕಚ್ಚಿ ಒಂದು ಕಣ್ಣು ಊದಿಕೊಂಡಿತ್ತು. ನಾನು ಹತ್ತಿರ ಹೋದರೂ ಅವನು ಮುಖ ಎತ್ತಲಿಲ್ಲ.

"ಈ ಸಲ ಯಾರೂ ನಗ್ಲಿಲ್ಲ ಫುಲ್ಲರಾ" ಎಂದ. "ಹನ್ನೊಂದು ದಿನ ಒಬ್ಬರೂ ನಗ್ಲಿಲ್ಲ. ನಾನು ಕಣ್ಣು ಮುಚ್ಚಿದ್ದೇ ಇಲ್ಲ. ಆದ್ರೂ..."

"ಗೊತ್ತು."

"ಏನ್ ಗೊತ್ತು?"

"ಆವತ್ತು ನೀನು ನಗದಿದ್ರೂ ಮಾಮಾ ಬರ್ತಿದ್ದ. ನಾನು ಹುರಿಯದಿದ್ರೂ ಬರ್ತಿದ್ದ."

ಅವನು ಆಗ ನನ್ನನ್ನು ನೋಡಿದ. ಊದದೆ ಉಳಿದ ಒಂದೇ ಕಣ್ಣಿನಲ್ಲಿ. ಆ ಕಣ್ಣು ನನ್ನ ಮುಖಕ್ಕೆ ಬಂದು ಅಲ್ಲೇ ನಿಂತಿತು.

"ಮತ್ತೆ ಹೋಗ್ತೀಯಾ?" ಎಂದೆ.

"ಸುಳ್ಳು ಹೇಳ್ಲಾ?"

"ಬೇಡ."

"ಮುಂದಿನ ಚೈತ್ರಕ್ಕೆ ಹೋಗ್ಬೇಕಾಗುತ್ತೆ."

"ಅಂದ್ರೆ ಇನ್ನೂ ಹನ್ನೊಂದು ತಿಂಗಳಿದೆ."

"ಯಾತಕ್ಕೆ?"

"ದಿನಾ ಬೇರೆ ಬೇರೆ ಅಡುಗೆ ಮಾಡೋಕೆ, ನೀನು ತಿನ್ನೋಕೆ. ಕಾಕಾನ ಶ್ರಾದ್ಧ ಮುಗೀಲಿ. ಆಮೇಲೆ ನನ್ನ ಮದುವೆ ಆಗು."

ಅವನು ಊದಿದ ಕಣ್ಣನ್ನು ಅಂಗೈಯಿಂದ ಒರೆಸಿಕೊಂಡ. ನಗುವೋ ಅಳುವೋ ಅವನಿಗೇ ಗೊತ್ತಿರಲಿಲ್ಲ. "ಇದನ್ನ ನಾನು ಕೇಳ್ಬೇಕಿತ್ತು ಕಣೆ."

"ನೀನು ಕೇಳೋಕೆ ಇನ್ನೊಂದು ವರ್ಷ ತಗೋತೀಯ. ನನ್ನ ಹತ್ರ ಅಷ್ಟು ಹೊತ್ತಿಲ್ಲ. ಬಾ, ಊಟ ಮಾಡುವಂತೆ."

ಕಾಡಿನಿಂದ ಬಂದವರಿಗೆ ಕೆಲವು ದಿನ ಒಂದು ಚಾಳಿ ಉಳಿಯುತ್ತದೆ. ಮರಗಳಿಗೆ ಬೆನ್ನು ಕೊಡಲು ಹೆದರುತ್ತಾರೆ. ಅವನು ನನ್ನ ಜೊತೆ ಹೊರಟ, ಆದರೆ ಹಿಮ್ಮುಖವಾಗಿ, ಹೊಳೆಯಾಚೆಯ ಕಪ್ಪು ಸಾಲಿನಿಂದ ಕಣ್ಣು ಕೀಳದೆ. ನಾಲ್ಕು ಹೆಜ್ಜೆ ಹಾಗೇ ನಡೆದ. ಊರವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದುಕೊಂಡೆ. ಅವನ ಎರಡೂ ಭುಜ ಹಿಡಿದು ಮೆಲ್ಲಗೆ ಮನೆಯ ಕಡೆಗೆ ತಿರುಗಿಸಿದೆ. ಅವನ ಬೆನ್ನು ಗಡಗಡ ನಡುಗುತ್ತಿತ್ತು. ಅದರ ಮೇಲೆ ಕೈ ಇಟ್ಟುಕೊಂಡು ನಾನು ಒಂದು ಹೆಜ್ಜೆ ಹಿಂದೆ ನಡೆದೆ.